ಎಲ್ಲಿಂದ ಬಂತು

ಗುಡಿಬಂಡೆಯಿಂದ ಎರಡು ಹರದಾರಿ, ಕೆಂಚನದುರ್ಗದ ಬುಡದಲ್ಲಿ
ಪಾಳೆಯಗಾರರ ಮನೆ ಈಗ ಇಲಾಖೆಯದು.
ಸೋಮವಾರ ರಜ. ಪ್ರವೇಶ ಹತ್ತು ರೂಪಾಯಿ.
ನಾನು ಗುತ್ತಿಗೆಯವನು, ಆರು ತಿಂಗಳ ಮಟ್ಟಿಗೆ.
ಕೆಲಸ, ಬೆನ್ನು ಹುಡುಕುವುದು.
ಪ್ರತಿ ವಸ್ತುವಿಗೂ ಒಂದು ಬೆನ್ನಿರುತ್ತದೆ,
ಅಲ್ಲಿ ಬಿಳಿ ಬಣ್ಣದಲ್ಲಿ, ಮೂರೇ ಕೂದಲ ಕುಂಚದಲ್ಲಿ
ಯಾರ ಕಣ್ಣಿಗೂ ಬೀಳದಷ್ಟು ಸಣ್ಣಗೆ ಒಂದು ಸಂಖ್ಯೆ.

ನಟರಾಜನಿಗೆ ಪೀಠದ ಕೆಳಗೆ. ಗಾಜಿನ ಹೂಜಿಗೆ ತಳದಲ್ಲಿ.
ತೊಗಲುಗೊಂಬೆಯ ಹನುಮಂತನಿಗೆ ಮಾತ್ರ
ಬೆನ್ನೇ ಇಲ್ಲ. ಎರಡೂ ಕಡೆ ಅವನೇ,
ದೀಪದ ಕಡೆಗೂ, ಜನದ ಕಡೆಗೂ.
ಬಾಲಕ್ಕೆ ದಾರ ಕಟ್ಟಿ ಚೀಟಿ ತೂಗಿಬಿಟ್ಟೆ.

ನಡುಮನೆಯಲ್ಲಿ ಮೂವರು ನಾಯಕರು ಸಾಲಾಗಿ,
ಅಪ್ಪ, ಮಗ, ಮೊಮ್ಮಗ. ತೈಲವರ್ಣ.
ಇಳಿಸಿ ಗೋಡೆಗೆ ಒರಗಿಸಿದಾಗ ಕಂಡಿತು
ಮೂವರದೂ ಒಂದೇ ಕೈ.
ಒಂದೇ ಉಂಗುರ, ಕತ್ತಿಯ ಹಿಡಿಯ ಮೇಲೆ
ಅದೇ ಕಿರುಬೆರಳ ಸೊಟ್ಟ,
ಅದೇ ಜರಿಯಂಗಿ, ನಾಲ್ಕನೆಯ ಗುಂಡಿ ಬಿಚ್ಚಿದ್ದು.

ಮುದ್ದುವೀರಮ್ಮಾಜಿ ನಕ್ಕರು.
ಪ್ರತಿ ಗುರುವಾರ ಚಿಕ್ಕಬಳ್ಳಾಪುರದ ಬಸ್ಸಿಳಿದು
ಸಾಲಲ್ಲಿ ನಿಂತು ಟಿಕೆಟ್ಟು ಕೊಳ್ಳುತ್ತಾರೆ, ಬೇಡವೆಂದರೂ.
"ಕೊಟ್ಟ ಮೇಲೆ ಧಣಿತನ ಯಾಕಯ್ಯ?"
ಮುಟ್ಟಬಾರದು ಎಂಬ ಹಲಗೆಯನ್ನೇ ಸೆರಗಿನಿಂದ ಒರೆಸುತ್ತಾರೆ.

"ಆ ಬಣ್ಣದವನು ಎತ್ತಿನ ಗಾಡಿಯಲ್ಲಿ ಬಂದ,
ಮೈಗಳನ್ನೆಲ್ಲ ಮೊದಲೇ ಬರೆದುಕೊಂಡು.
ಊರೂರು ತಿರುಗಿ ಮುಖ ಮಾತ್ರ ಇಳಿಸುವುದು.
ಮುಖಕ್ಕೆ ಮೂವತ್ತು ರೂಪಾಯಿ, ಮೀಸೆಗೆ ಬೇರೆ.
ಮುತ್ತಾತ ಅಷ್ಟರಲ್ಲಿ ಹೋಗಿಬಿಟ್ಟಿದ್ದರು.
ಅಡುಗೆಯ ಅಚ್ಚಕ್ಕ ಮೂಗು ಹೇಳಿದಳು,
ಲಾಯದ ಪೆದ್ದನ್ನ ಹುಬ್ಬು ಹೇಳಿದ.
ಕಣ್ಣು ಯಾರಿಗೂ ಗೊತ್ತಿಲ್ಲ,
ತಲೆಯೆತ್ತಿ ಯಾರು ನೋಡಿದ್ದರು?
ಅದಕ್ಕೇ ನೋಡು, ಅವರೊಬ್ಬರು ಪಕ್ಕಕ್ಕೆ ತಿರುಗಿದ್ದಾರೆ."

ರಿಜಿಸ್ಟರಿನಲ್ಲಿ ಏಳು ಕಲಂ.
ಐದನೆಯದು, ಎಲ್ಲಿಂದ ಬಂತು.
ಇಲಾಖೆ ಒಪ್ಪುವ ಉತ್ತರ ಎರಡೇ: ಖರೀದಿ, ಕೊಡುಗೆ.
ನಾನು ಓದುತ್ತೇನೆ, ಅವರು ಹೇಳುತ್ತಾರೆ.
ತೂಗುದೀಪ.
"ಮದರಾಸಿನ ಹರಾಜು. ಅರ್ಧ ಗಾಜು ದಾರಿಯಲ್ಲೇ ಪುಡಿ,
ಉಳಿದರ್ಧಕ್ಕೆ ಪೂರ್ತಿ ದುಡ್ಡು."
ಚಿನ್ನದ ರೇಕಿನ ಪಟ್ಟಾಭಿಷೇಕ.
"ಮದುವೆಯಲ್ಲಿ ಬಂತು. ಜೊತೆಗೆ ಅಜ್ಜಿಯೂ ಬಂದರು."
ತೊಗಲುಗೊಂಬೆ, ನಲವತ್ತೊಂದು.
ಸುಮ್ಮನಾದರು.
ಹೊರಗೆ ಬಿಸಿಲಿಗೆ ಬಂಡೆ ಎಲ್ಲೋ ಚಟ್ ಎಂದಿತು.
"ಬಾಗೇಪಲ್ಲಿ ಕಡೆಯ ಆಟದವರು. ಆ ರಾತ್ರಿ ರಾವಣನಿಗೆ
ನಮ್ಮ ತಾತನ ಕೆಮ್ಮು ಕೊಟ್ಟರಂತೆ.
ಜನ ಬಿದ್ದು ಬಿದ್ದು ನಕ್ಕರಂತೆ. ಕೋಳಿ ಕೂಗುವ ಮುಂಚೆ
ಪೆಟ್ಟಿಗೆ ಇಲ್ಲಿತ್ತು, ಆಟದವರು ಚಿತ್ರಾವತಿ ದಾಟಿದ್ದರು.
ಬರಿ, ಕಿತ್ತುಕೊಂಡದ್ದು."

ಅಮ್ಮಾಜಿ, ಅದಕ್ಕೆ ಜಾಗ ಇಲ್ಲ.
"ಪದ ಇದೆಯಲ್ಲ?"

ಸೀಸದ ಕಡ್ಡಿಯಲ್ಲಿ ಬರೆದೆ. ಸಾಹೇಬರು ಉಜ್ಜಿ ಅಳಿಸಿ
ಕೊಡುಗೆ ಎಂದು ಮಸಿಯಲ್ಲಿ ತಿದ್ದಿದರು.
ಹಾಳೆಯನ್ನು ಕಿಟಕಿಗೆ ಅಡ್ಡ ಹಿಡಿದರೆ
ಒತ್ತಿ ಬರೆದ ಗೀರು ಈಗಲೂ ಕಾಣುತ್ತದೆ,
ಪರದೆಯ ಹಿಂದಿನಿಂದ ಕಂಡ ಹಾಗೆ.

ಇನ್ನೂರ ಹನ್ನೆರಡು, ದಂತದ ಚದುರಂಗ.
ಕಾಯಿ ಮೂವತ್ತೊಂದು. ಕೆಂಪು ಪಡೆಗೆ ಒಂದೇ ಆನೆ.
ಕಳೆದ ಗುರುವಾರ ಅವರು ಸೆರಗಿನ ಗಂಟು ಬಿಚ್ಚಿದರು.
ಸೊಂಡಿಲ ತುದಿ ಸವೆದಿತ್ತು, ಬೆನ್ನ ಮೇಲೆ ಸಣ್ಣ ಸಣ್ಣ ತಗ್ಗು.
"ಹಲ್ಲು ಬರುವಾಗ ಕಚ್ಚಲಿ ಎಂದು ಕೊಟ್ಟಿದ್ದರು."
ಮೂಲೆಯ ಮನೆಯಲ್ಲಿ ಇಟ್ಟರು.
ಒಂದು ನಿಮಿಷ ಪಡೆ ತುಂಬಿತು.
ನಾನು ಕುಂಚ ಅದ್ದಿದೆ.
"ತಾಳು" ಎಂದರು. ಎತ್ತಿದರು. ಮತ್ತೆ ಗಂಟು.
"ನಾಲ್ಕೂವರೆ ಬಸ್ಸು ತಪ್ಪಿದರೆ ಆರರವರೆಗೆ ಇಲ್ಲ."

ಅದ್ದಿದ ಬಣ್ಣ ಒಣಗುವ ಮೊದಲು
ನನ್ನ ಹೆಬ್ಬೆರಳ ಉಗುರಿನ ಮೇಲೆ ಬರೆದು ನೋಡಿದೆ,
೨೧೨/೩೨.
ರಾತ್ರಿ ಮುದ್ದೆ ಮುರಿಯುವಾಗ ಉದುರಿಹೋಯಿತು.